ಚೆಕ್ ಮೀಟರ್

ಡಾಕ್ಟರು ಹೇಳಿದ್ದು ದಿನಕ್ಕ ಎಂಟು ಸಾವಿರ ಹೆಜ್ಜಿ.
ಅಳಿಯ ವಿರೂಪಾಕ್ಷಿ ಮೊಬೈಲಿನಾಗ ಏನೋ ಇಳಿಸಿಕೊಟ್ಟ:
ಹಸಿರು ಉಂಗುರ, ನಡುವ ಒಂದು ಸೊನ್ನಿ.
‘ಮಾವಾ, ನೀ ಬರೇ ನಡಿ. ಲೆಕ್ಕ ಅದು ಇಡತೈತಿ.’

ಲೆಕ್ಕ ಅದು ಇಡತೈತಿ.
ಇಪ್ಪತ್ತಾರು ವರ್ಷ ಇದನ್ನ ನಾ
ಮಂದಿಗೆ ಹೇಳಿಕೋತ ತಿರಿಗೇನಿ,
ಹೆಗಲಿಗೆ ಚೀಲ, ಕೈಯಾಗ ಟಾರ್ಚು,
ಮೀಟರಿನ ಗಾಜಿಗೆ ಹಣಿ ಹಚ್ಚಿ.

ಉಣಕಲ್ ಕೆರಿ ದಂಡಿ, ಮುಂಜಾನೆ ಆರು.
ಬಾಯಿಲೆ ನೂರು ಎಣಿಸಿ ನಿಂತೆ.
ಪ್ಯಾಂಟಿನ ಕಿಸೆದಾಗ ಇದ್ದಾಗ ತೊಂಬತ್ತೊಂದು ಅಂತು.
ಅಂಗಿ ಕಿಸೆದಾಗ, ನೂರಾ ಹದಿನೇಳು.
ಆರತಿ ತಾಟು ಒಯ್ಯೂವಂಗ ಅಂಗೈ ಮ್ಯಾಲೆ
ಅಲುಗದಂಗ ಒಯ್ದೆ. ನಲವತ್ತು.
ಅರವತ್ತು ಹೆಜ್ಜಿ ನಂದು ಎಲ್ಲಿ ಹೋದುವು?
ನೀರಿನ ಮ್ಯಾಲೆ ಇಟ್ಟೆನೇನು?

ಆಫೀಸಿಗೆ ಗಿರಾಕಿ ತಕರಾರು ತಂದ್ರ
ಹಳೇ ಮೀಟರಿನ ಬಾಜೂಕ
ಇನ್ನೊಂದು ಕೂಡಸ್ತಿದ್ವಿ, ಹದಿನೈದು ದಿನ,
ಒಂದ ತಂತಿ, ಎರಡು ಸಾಕ್ಷಿ.
ಚೆಕ್ ಮೀಟರ್ ಅಂತಾರ ಅದಕ್ಕ.
ನನಗ ನಾನ ಚೆಕ್ ಮೀಟರ್ ಆದೆ.
ಎಡಗಿಸೆ ತುಂಬ ಹುರದ ಶೇಂಗಾ,
ನೂರು ಹೆಜ್ಜಿಗೊಂದು ಬಲಗಿಸೆಕ್ಕ ದಾಟಸೂದು.
ಮೂರು ದಿನ ಛಲೋ ನಡೀತು.
ನಾಕನೇ ದಿನ ಥಂಡಿ ಇತ್ತು, ಶೇಂಗಾ ಬೆಚ್ಚಗಿದ್ದುವು,
ಲೆಕ್ಕ ಹೊಟ್ಟಿಗೆ ಹೋತು.

ಶಂಕ್ರವ್ವ ನಕ್ಕಳು.
ಫೋನು ಸೊಂಟಕ್ಕ ಸಿಗಿಸಿಕೊಂಡು
ಹನ್ನೆರಡು ರೊಟ್ಟಿ ಬಡದು ತೋರಿಸಿದಳು:
ನಿಂತಲ್ಲೇ ಎಂಟುನೂರಾ ನಲವತ್ತು.
‘ನಾ ಧಾರವಾಡ ಮುಟ್ಟಿ ಬಂದೆ.
ನೀವಿನ್ನೂ ಕೆರಿ ಸುತ್ತಾಕ ಹತ್ತೀರಿ.’
‘ಸುಳ್ಳು ಲೆಕ್ಕ’ ಅಂದೆ.
‘ಯಾವುದು ಸುಳ್ಳು? ರಟ್ಟಿ ನೋಯ್ತಾವು ಇಲ್ಲೆ.’

ವಿರೂಪಾಕ್ಷಿ ಮತ್ತ ತಿದ್ದಿದ: ಎತ್ತರ, ತೂಕ.
ಹೆಜ್ಜಿ ಉದ್ದ ಎಷ್ಟು ಅಂತ ಕೇಳಿತು.
ಚಾಕ್‌ಪೀಸಿಲೆ ಅಂಗಳದಾಗ ಗೆರಿ ಎಳದು ಅಳದ್ವಿ.
ಬಲಗಾಲಿಂದು ಎರಡು ಅಡಿ,
ಎಡಗಾಲಿಂದು ಮೂರು ಬಟ್ಟು ಕಡಿಮಿ,
ಏಣಿಯಿಂದ ಬಿದ್ದ ವರ್ಷದ ಹಳೇ ಬಾಕಿ.
ಅದನ್ನ ತುಂಬಾಕ ಅದರಾಗ ಜಾಗ ಇರಲಿಲ್ಲ.

ಒಂದಿನ ಧಾರವಾಡದಿಂದ ಬಸ್ಸಿನಾಗ ಬರೂವಾಗ
ರಾಯಾಪುರದ ಹಂತೇಕ ಕಿಸೆ ಗುಂಯ್ ಅಂತು:
‘ಅಭಿನಂದನೆಗಳು! ಇಂದಿನ ಗುರಿ ತಲುಪಿದ್ದೀರಿ.’
ಕಿಟಕಿ ಸೀಟು, ಮೊಳಕಾಲ ಮ್ಯಾಲೆ ಬೀಗರ ಫೇಡೆ ಡಬ್ಬಿ.
ನಡದದ್ದು ತಗ್ಗು, ನಾ ಅಲ್ಲ.

ಆವಾಗ ನೆನಪಾದಳು ಹಳೇ ಹುಬ್ಬಳ್ಳಿ ಮಾಬೂಬಿ.
‘ಸಾಹೇಬ್ರ, ಮೇನ್ ಸ್ವಿಚ್ ತಗದೀನಿ ನೋಡ್ರಿ,
ದೀಪಿಲ್ಲ, ಪಂಕಾ ಇಲ್ಲ,
ಆದ್ರೂ ಚಕ್ಕರ ತಿರಗತೈತಿ.’
ನೋಡಿದೆ. ತಿರಗತಿತ್ತು.
ಮೆಲ್ಲಕ. ಕೆಂಪು ಗೆರಿ ಒಮ್ಮೆ ಬಂತು,
ಬೀಡಿ ಮುಗಿಯೂದ್ರಾಗ ಮತ್ತೊಮ್ಮೆ.
ಬಿಸಲಿತ್ತು. ಇನ್ನ ಎಪ್ಪತ್ತು ಮನಿ ಇದ್ದುವು.
‘ಮೀಟರ್ ಸುಳ್ಳು ಹೇಳೂದಿಲ್ಲವಾ’ ಅಂದೆ,
ಬರದೆ, ಚೀಟಿ ಹರದು ಕೊಟ್ಟೆ.
ಆಕಿ ಮತ್ತೇನೋ ಅಂದಳು.
ನಾ ಬಾಜೂ ಮನಿ ಬಾಗಲಾ ಬಡಿಯಾಕ ಹತ್ತಿದ್ದೆ.

ಮರುದಿನ ಫೋನು ಚಾರ್ಜಿಗೆ ಬಿಟ್ಟು ಹೊಂಟೆ.
ಉಣಕಲ್, ವಿದ್ಯಾನಗರ, ಹೊಸೂರು,
ಶೇಂಗಾ ಎಡದಿಂದ ಬಲಕ್ಕ.
ಚೆನ್ನಮ್ಮ ಸರ್ಕಲ್‌ದಾಗ ರಿಕ್ಷಾಕ್ಕ ಸರಿಯೂದ್ರಾಗ
ಎಣಿಕಿ ತಪ್ಪಿತು.
ಅಂದಾಜಿಲೆ ಎರಡು ದಾಟಿಸಿದೆ,
ಕೀಲಿ ಹಾಕಿದ ಮನಿಗೆ ಯುನಿಟ್ ಬರೀತಿದ್ದಂಗ.

ಗಲ್ಲಿ ಅಲ್ಲೇ ಐತಿ. ಹಸಿರು ಬಾಗಲಾ ನೀಲಿ ಆಗೇತಿ.
ಮುದುಕಿ ಒಳಗಿಂದನ ಒದರಿದಳು:
‘ಮೀಟರ್ ಹೊರಗೈತ್ರೀ, ನೋಡ್ಕೊಂಡು ಹೋಗ್ರಿ.’
ಹೊಸಾದು. ಚಕ್ಕರ ಇಲ್ಲ,
ಒಂದು ಕೆಂಪು ದೀಪ ಮಿಣಕ್ ಮಿಣಕ್ ಅಂತಿತ್ತು.
ರೂಢಿ. ಬಗ್ಗಿ ಹಣಿ ಹಚ್ಚಿದೆ.
ಹೇಳೂದೇನೋ ನಾಲಿಗಿ ತುದಿತನಾ ಬಂದಿತ್ತು.
ಎಡಗಿಸೆದಾಗ ಇನ್ನ
ನಾಕು ಶೇಂಗಾ ಉಳದಿದ್ದುವು.